ಕೆಂಪಿಗೆ ನಾಲ್ಕರಲ್ಲಿ ಒಂದೇ ಕಣ್ಣು

ಬಳ್ಳಾರಿಯ ಬೆಂಗಳೂರು ರೋಡಿನಲ್ಲಿ ಮೊಬೈಲ್ ಅಂಗಡಿಗಳ ಬೋರ್ಡು ಓದುತ್ತಾ ಹೋದರೆ ಮಗ್ಗಿ ಪುಸ್ತಕ ಓದಿದಂಗಾಗುತ್ತೆ. 50, 64, 108, 200. ಒಳಗೆ ಹೋಗಿ ಕೇಳಿದರೆ ಹುಡುಗ ಅದನ್ನೇ ಹೇಳ್ತಾನೆ: "ಅಣ್ಣ, ಅದು ಐವತ್ತು ಅಷ್ಟೇ, ಇದು ನೂರಾ ಎಂಟು ಐತಿ ನೋಡ್ರಿ." ನೂರಾ ಎಂಟು ಅಂದ ಕೂಡಲೇ ಅಷ್ಟೋತ್ತರ ನೆನಪಾಗಿ ಗಿರಾಕಿಗೆ ಭಕ್ತಿ ಹುಟ್ಟಿದರೂ ಆಶ್ಚರ್ಯ ಇಲ್ಲ. ಆ ಹುಡುಗನದೇನೂ ತಪ್ಪಿಲ್ಲ ಬಿಡಿ. ಬೆಂಗಳೂರಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಒಂದು ಲಕ್ಷದ ಫೋನಿನ ರಿವ್ಯೂ ನೋಡುವ ಬಿ.ಇ., ಎಂ.ಟೆಕ್.ಗಳ ಬಾಯಲ್ಲೂ ಬರೋದು ಇದೇ ಲೆಕ್ಕ. ಕ್ಯಾಮೆರಾ ವಿಮರ್ಶೆ ಅನ್ನೋ ಹೆಸರಲ್ಲಿ ನಾವು ಓದ್ತಾ ಇರೋದು ವಿಮರ್ಶೆ ಅಲ್ಲ, ತೂಕದ ಚೀಟಿ. ಆ ಚೀಟಿಯಲ್ಲಿ ಬರೆದಿರುವ ಸಂಖ್ಯೆಗೂ ಚಿತ್ರಕ್ಕೂ ಇರುವ ಸಂಬಂಧ ಬಹಳ ತೆಳು.

ಸೆನ್ಸರ್ ಅಂದರೆ ಏನು ಅಂತ ಸಿರುಗುಪ್ಪದ ಭತ್ತದ ಗದ್ದೆ ನೋಡಿದವರಿಗೆ ಬೇಗ ಅರ್ಥ ಮಾಡಿಸಬಹುದು. ಒಂದು ಎಕರೆ ಗದ್ದೆ ಇದೆ ಅಂದ್ಕೊಳ್ಳಿ. ಅದಕ್ಕೆ ಕಾಲುವೆಯಿಂದ ಬರುವ ನೀರು ಇಂತಿಷ್ಟು. ಗದ್ದೆಯನ್ನು ಹತ್ತು ಮಡಿ ಮಾಡಿದರೂ ಅಷ್ಟೇ ನೀರು, ಇನ್ನೂರು ಮಡಿ ಮಾಡಿದರೂ ಅಷ್ಟೇ ನೀರು. ಮಡಿ ಜಾಸ್ತಿ ಆದಷ್ಟೂ ಒಂದೊಂದು ಮಡಿಗೆ ಬೀಳುವ ಪಾಲು ಕಡಿಮೆ, ಬದುವಿಗೆ ಹೋಗುವ ಜಾಗ ಜಾಸ್ತಿ. ಇಲ್ಲಿ ನೀರು ಅಂದರೆ ಬೆಳಕು, ಮಡಿ ಅಂದರೆ ಪಿಕ್ಸೆಲ್. ಗದ್ದೆ ಎಷ್ಟು ದೊಡ್ಡದು ಅನ್ನೋದನ್ನು ಮಾತ್ರ ಬೋರ್ಡಿನ ಮೇಲೆ ಯಾರೂ ಬರೆಯಲ್ಲ.

ಬರೆದರೆ ಹೀಗಿರುತ್ತೆ. ಫುಲ್‌ಫ್ರೇಮ್ ಅಂತ ಕರೆಯುವ ದೊಡ್ಡ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಫೋನುಗಳಲ್ಲಿ ಬರುವ ಅರ್ಧ ಇಂಚು ವರ್ಗದ ಸೆನ್ಸರ್ ಸುಮಾರು 6.4 ಮಿ.ಮೀ. ಅಗಲ, 4.8 ಮಿ.ಮೀ. ಎತ್ತರ. ವಿಸ್ತೀರ್ಣದಲ್ಲಿ 28 ಪಟ್ಟು ವ್ಯತ್ಯಾಸ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್ ಅಗಲ. 200 ಮೆಗಾಪಿಕ್ಸೆಲ್‌ನ ಫೋನಿನಲ್ಲಿ ಸುಮಾರು 0.6. ಅಂದರೆ ಬಾಯಿಯ ಅಳತೆಯಲ್ಲಿ ನೂರು ಪಟ್ಟು ಚಿಕ್ಕದು. ಇನ್ನೊಂದು ತಮಾಷೆ ಏನಂದ್ರೆ, ಫೋನಿನ ಲೆನ್ಸು ಎಷ್ಟೇ ಒಳ್ಳೆಯದಿದ್ದರೂ, ಬೆಳಕು ಅಲೆಯಾಗಿರುವುದರಿಂದ, ಒಂದು ಚುಕ್ಕಿಯನ್ನು ಎರಡು–ಎರಡೂವರೆ ಮೈಕ್ರಾನಿಗಿಂತ ಚೂಪಾಗಿ ಅದು ಮೂಡಿಸಲಾರದು. ಆ ಒಂದು ಚುಕ್ಕಿಯೊಳಗೆ ಹತ್ತಾರು ಪಿಕ್ಸೆಲ್ ಕೂತಿರುತ್ತವೆ. ಎಲ್ಲವೂ ಒಂದೇ ಮಬ್ಬನ್ನು ನೋಡುತ್ತಿರುತ್ತವೆ. ಕಡೆಗೆ ಫೋನೇ ಹದಿನಾರು ಪಿಕ್ಸೆಲ್ ಕೂಡಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್‌ನ ಚಿತ್ರ ಕೊಡುತ್ತೆ. ಇನ್ನೂರು ಅಂತ ಬೋರ್ಡು ಬರೆಸಿ ಹನ್ನೆರಡೂವರೆ ಅಳೆದು ಕೊಡುವುದಕ್ಕೆ ಎಪಿಎಂಸಿಯಲ್ಲಿ ಬೇರೆ ಹೆಸರಿದೆ.

ಹಾಗಂತ ಎಂಜಿನಿಯರುಗಳು ಸುಮ್ಮನೆ ಕೂತಿಲ್ಲ. ಅವರನ್ನು ಬೈದರೆ ನನ್ನ ಜಾತಿಯವರನ್ನೇ ಬೈದಂತೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಕಲ್ಪಿಸಿದರು, 2009ರಲ್ಲಿ ಅದಕ್ಕೆ ನೊಬೆಲ್ ಬಂತು. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸಾಸನ್ ಅದನ್ನಿಟ್ಟುಕೊಂಡು ಮಾಡಿದ ಕ್ಯಾಮೆರಾದ ಚಿತ್ರ 0.01 ಮೆಗಾಪಿಕ್ಸೆಲ್, ಒಂದು ಪಟ ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು. 1990ರ ದಶಕದಲ್ಲಿ ನಾಸಾದ ಜೆಪಿಎಲ್‌ನಲ್ಲಿ ಎರಿಕ್ ಫಾಸಮ್ ತಂಡ ಬಾಹ್ಯಾಕಾಶ ನೌಕೆಗೆ ಹಗುರವಾದ ಕ್ಯಾಮೆರಾ ಬೇಕು ಅಂತ ಮಾಡಿದ ಸಿಮಾಸ್ ಸೆನ್ಸರಿನ ವಂಶವೇ ಈಗ ನಿಮ್ಮ ಕಿಸೆಯಲ್ಲಿರೋದು. ಬದುವಿನ ಸಮಸ್ಯೆಯನ್ನೂ ಬಗೆಹರಿಸಿದ್ದಾರೆ: ಮೊದಲು ವೈರುಗಳು ಪಿಕ್ಸೆಲ್ಲಿನ ಮೇಲೆ ಹಾದು ಬೆಳಕಿಗೆ ಅಡ್ಡ ಬರುತ್ತಿದ್ದವು, ಸೆನ್ಸರನ್ನು ಮಗುಚಿ ಹಾಕಿ ವೈರನ್ನು ಕೆಳಗೆ ತಳ್ಳಿದರು. ಸೋನಿ 2009ರ ಹೊತ್ತಿಗೆ ಇದನ್ನು ಅಂಗಡಿಗೆ ತಂದಿತು. ಕಾಲುವೆಯನ್ನು ನೆಲದಡಿಯ ಪೈಪು ಮಾಡಿದಂಗೆ. ಇದೆಲ್ಲ ನಿಜವಾದ ಕೆಲಸ, ಹೊಗಳಲೇಬೇಕು. ರಿವ್ಯೂಗಳಲ್ಲಿ ಇದಕ್ಕೆ ಅರ್ಧ ಸಾಲು ಸಿಗುತ್ತೆ.

ನನ್ನ ತಕರಾರು ಇರೋದು ಇದಾದ ಮೇಲಿನ ಹಂತದಲ್ಲಿ. ಕಾಲುವೆಯ ಕೊನೇ ಭಾಗದ ರೈತನ ಕಷ್ಟ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ತುಂಗಭದ್ರೆಯ ನೀರು ಮೇಲಿನವರಿಗೆ ಹೆಚ್ಚಾಗಿ ಕೊನೆಯವರಿಗೆ ಹನಿಯೂ ಇಲ್ಲ ಅನ್ನೋ ಜಗಳ ಪ್ರತಿ ವರ್ಷದ್ದು. ಚಿತ್ರದಲ್ಲೂ ಕೊನೇ ಭಾಗ ಅಂತ ಒಂದಿದೆ. ಕಪ್ಪು ಬಣ್ಣ, ನೆರಳು, ಮಂದ ಬೆಳಕಿನ ಮುಖ, ಇವೆಲ್ಲ ಕೊನೇ ಭಾಗದವರು.

ಲೆಕ್ಕ ಸರಳ. ಬೆಳಕು ಕಣಗಳಾಗಿ ಬರುತ್ತೆ, ಮಳೆಹನಿ ಹಾಗೆ, ಒಂದೇ ಸಮ ಬರಲ್ಲ. ಒಂದು ಪಿಕ್ಸೆಲ್ಲಿಗೆ 10,000 ಕಣ ಬಿದ್ದರೆ ಏರುಪೇರು ಅದರ ವರ್ಗಮೂಲ, ಅಂದರೆ 100; ಶೇಕಡಾ ಒಂದು. ಯಾರಿಗೂ ಕಾಣಲ್ಲ. 100 ಕಣ ಬಿದ್ದರೆ ಏರುಪೇರು 10, ಶೇಕಡಾ ಹತ್ತು. ಚಿತ್ರದ ತುಂಬ ರವೆ ಚೆಲ್ಲಿದಂಗೆ ಕಾಣುತ್ತೆ. ಬೆಳ್ಳಗಿನ ಗೋಡೆ, ಬಿಳಿ ಪಂಚೆ ಬೆಳಕನ್ನು ಧಾರಾಳವಾಗಿ ವಾಪಸ್ ಕಳಿಸುತ್ತವೆ, ಅವು 10,000ದವರು. ಬಿಸಿಲಲ್ಲಿ ದುಡಿದ ಕಪ್ಪು ಚರ್ಮ, ಹಂಚಿನ ಮನೆಯ ಒಳಗೆ, ಸಂಜೆ ಹೊತ್ತು, ಅದು 100ರ ಲೆಕ್ಕದವರದು. ಆ ರವೆಯನ್ನು ಒರೆಸಲು ಸಾಫ್ಟ್‌ವೇರ್ ಬರುತ್ತೆ. ರವೆ ಯಾವುದು, ನಿಜವಾದ ಗೆರೆ ಯಾವುದು ಅಂತ ಅದು ಊಹೆ ಮಾಡಬೇಕು. ಸುತ್ತಲಿನದಕ್ಕೂ ಅದಕ್ಕೂ ವ್ಯತ್ಯಾಸ ಕಡಿಮೆ ಇದ್ದದ್ದೆಲ್ಲ ರವೆ ಅಂತ ತೀರ್ಮಾನಿಸಿ ಒರೆಸಿಬಿಡುತ್ತೆ.

ನಮ್ಮ ಅಜ್ಜಿಯ ಹಣೆ ಮೇಲೆ ಮತ್ತು ಗದ್ದದ ಮೇಲೆ ಹಚ್ಚೆ ಇತ್ತು. ಹುಡುಗಿಯಾಗಿದ್ದಾಗ ಹಾಕಿಸಿಕೊಂಡದ್ದು, ಎಪ್ಪತ್ತು ವರ್ಷದಲ್ಲಿ ಹಸಿರು ಮಾಸಿ ಚರ್ಮದ ಬಣ್ಣದೊಳಗೆ ಅರ್ಧ ಮುಳುಗಿಹೋಗಿತ್ತು. ಹತ್ತಿರ ಕೂತವರಿಗೆ ಕಾಣುತ್ತಿತ್ತು. ಅವಳು ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಒಂದು ಒಳ್ಳೆ ಪಟ ಬೇಕಾಯ್ತು. ನಮ್ಮ ತಮ್ಮನ ಫೋನಿನಲ್ಲಿ ನಲವತ್ತಕ್ಕೂ ಹೆಚ್ಚು ಪಟ ಇದ್ದವು, ಎಲ್ಲ ಕಟ್ಟೆಯ ಮೇಲೆ, ಜಗಲಿಯ ನೆರಳಲ್ಲಿ ತೆಗೆದದ್ದು. ಒಂದರಲ್ಲೂ ಹಚ್ಚೆ ಇಲ್ಲ. ಗದ್ದ ನುಣ್ಣಗಿದೆ. ಹಣೆ ಗೆರೆ ಇಲ್ಲ. ಮುಖ ಎರಡು ಬಣ್ಣ ತಿಳಿಯಾಗಿದೆ. ಆ ಫೋನಿನಲ್ಲಿ ಮುಖ ನುಣುಪು ಮಾಡುವ ಆಯ್ಕೆ ಡಬ್ಬಿಯಿಂದ ತೆಗೆಯುವಾಗಲೇ ಚಾಲೂ ಇತ್ತು, ಯಾರೂ ಅದನ್ನು ಕೇಳಿರಲಿಲ್ಲ. ನಮ್ಮವ್ವ ಫ್ರೇಮು ಹಾಕಿಸಿದ ಪಟ ನೋಡಿ ಅಂದದ್ದು ಇಷ್ಟೇ: "ಯಾರದೋ ಅವ್ವನ ಪಟ ಇದ್ದಂಗೈತಲ್ಲೋ." ಕಡೆಗೆ ರೇಷನ್ ಕಾರ್ಡಿನ ಹಳೇ ಪಟವೊಂದನ್ನು ಹುಡುಕಿ ತೆಗೆದೆವು. ಕೆಟ್ಟ ಬೆಳಕು, ಕೆಟ್ಟ ಕ್ಯಾಮೆರಾ, ಮುಖದ ತುಂಬ ರವೆ. ಆದರೆ ರವೆಯ ನಡುವೆ ಗದ್ದದ ಮೇಲಿನ ಮೂರು ಚುಕ್ಕಿ ಎಣಿಸಬಹುದು. ಅದೇ ಈಗ ಗೋಡೆ ಮೇಲಿದೆ.

ಇದು ಒಂದು ಮನೆಯ ಕತೆ ಮಾತ್ರ ಅಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲೇ ಈ ಪಕ್ಷಪಾತ ಶುರುವಾಗಿತ್ತು. ಕೊಡಾಕ್ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಿಕೊಳ್ಳಲು ಶರ್ಲಿ ಕಾರ್ಡ್ ಅಂತ ಒಂದು ಪಟ ಕಳಿಸುತ್ತಿತ್ತು, ಅದರಲ್ಲಿ ಇರುತ್ತಿದ್ದದ್ದು ಬಿಳಿಯ ಹೆಂಗಸು. ಅವಳ ಚರ್ಮ ಸರಿ ಬಂದರೆ ಎಲ್ಲ ಸರಿ. ಕಂದು ಬಣ್ಣದ ಸೂಕ್ಷ್ಮ ಛಾಯೆಗಳು ಬರಬೇಕು ಅಂತ ಕೊಡಾಕ್ ಕೊನೆಗೆ ಫಿಲ್ಮ್ ಸುಧಾರಿಸಿತು. ಅದಕ್ಕೆ ಒತ್ತಡ ಹಾಕಿದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳವರು ಇದ್ದರು. ಮನುಷ್ಯರ ಮುಖಕ್ಕೆ ಸಿಗದ ನ್ಯಾಯ ಮೇಜು ಕುರ್ಚಿಗೆ ಸಿಕ್ಕಿತು. ಮುಖ ನುಣುಪು ಮಾಡುವುದನ್ನು ಮೊದಲಿಂದ ಚಾಲೂ ಇಡಲ್ಲ ಅಂತ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ತೀರ್ಮಾನ ಮಾಡಿದ್ದು 2020ರಲ್ಲಿ. ಕಪ್ಪು ಮತ್ತು ಕಂದು ಚರ್ಮಕ್ಕಾಗಿ ರಿಯಲ್ ಟೋನ್ ಅಂತ ತಂದದ್ದು 2021ರಲ್ಲಿ. ಒಳ್ಳೆಯದೇ. ಆದರೆ ಕಪ್ಪಗಿರೋದನ್ನು ಕಪ್ಪಗೆ ತೋರಿಸೋದನ್ನು ಹೊಸ ಸೌಲಭ್ಯ ಅಂತ ಮಾರಬೇಕಾಗಿ ಬಂತಲ್ಲ, ಅದನ್ನು ಸ್ವಲ್ಪ ಯೋಚಿಸಿ. ನಮ್ಮ ಮದುವೆ ಆಲ್ಬಮ್ಮುಗಳದ್ದು ಇನ್ನೂ ಬೇರೆಯೇ ಕತೆ, ಅಲ್ಲಿ ಸಾಫ್ಟ್‌ವೇರನ್ನು ಮಾತ್ರ ಬೈದು ಉಪಯೋಗ ಇಲ್ಲ. ಮದುಮಗಳನ್ನು ಬೆಳ್ಳಗೆ ಮಾಡಿಕೊಡಿ ಅಂತ ದುಡ್ಡು ಕೊಟ್ಟು ಹೇಳುವವರು ನಾವೇ.

ಈಗ ಹಳೇ ಕ್ಯಾಮೆರಾವೊಂದರ ಮಾತು. 1856ರ ಸುಮಾರಿಗೆ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಆಗಿನ ಬಳ್ಳಾರಿ ಜಿಲ್ಲೆಯ ಹಂಪಿಗೆ ಬಂದು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಪಟ ತೆಗೆದ. ಅವನ ಸೆನ್ಸರ್ ಅಂದರೆ ಬೆಳ್ಳಿಯ ಲವಣ ಹೀರಿದ ಕಾಗದ. ಅದಕ್ಕೆ ನೀಲಿ ಬೆಳಕು ಬಿಟ್ಟರೆ ಬೇರೆ ಹೆಚ್ಚೇನೂ ಕಾಣದು. ಕೆಂಪಿಗೆ ಪೂರ್ತಿ ಕುರುಡು. ಅಂಥ ಕಾಗದದಲ್ಲಿ ಆಕಾಶ ಮೋಡವಿಲ್ಲದೆ ಖಾಲಿಯಾಗುತ್ತೆ, ಕೆಮ್ಮಣ್ಣು ಕಪ್ಪಾಗುತ್ತೆ, ನಡೆದು ಹೋಗುವ ಮನುಷ್ಯ ದಾಖಲಾಗುವುದೇ ಇಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಪಟ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಲ್ಲು ಎಲ್ಲಿ ಬಿದ್ದಿದೆ, ಯಾವ ಕಂಬ ಈಗಿಲ್ಲ ಅಂತ ಹೇಳಬಹುದು. ಗ್ರೀನ್‌ಲಾನ ಕಾಗದಕ್ಕೆ ಏನು ಕಾಣಲಿಲ್ಲವೋ ಅದು ಕಾಣಲಿಲ್ಲ ಅಂತ ಪಟವೇ ಹೇಳುತ್ತೆ. ಖಾಲಿ ಆಕಾಶ ಖಾಲಿಯಾಗೇ ಇದೆ. ಇವತ್ತಿನ ಫೋನು ಹಾಗಲ್ಲ. ತನಗೆ ಕಾಣದ ಜಾಗವನ್ನು ತುಂಬುತ್ತೆ. 2023ರಲ್ಲಿ ಒಬ್ಬರು ಬೇಕಂತಲೇ ಮಬ್ಬು ಮಾಡಿದ ಚಂದ್ರನ ಚಿತ್ರವನ್ನು ಪರದೆಯ ಮೇಲಿಟ್ಟು ಸ್ಯಾಮ್‌ಸಂಗ್ ಫೋನಿನಲ್ಲಿ ತೆಗೆದಾಗ ಮಬ್ಬಿನಲ್ಲಿ ಇಲ್ಲದ ಕುಳಿಗಳೂ ಮೂಡಿ ಬಂದವು. ಚಂದ್ರ ಹೇಗಿರುತ್ತಾನೆ ಅಂತ ಅದಕ್ಕೆ ಮೊದಲೇ ಪಾಠ ಆಗಿತ್ತು. ನಮ್ಮಜ್ಜಿ ಹೇಗಿದ್ದಳು ಅಂತ ಯಾರು ಪಾಠ ಮಾಡಿರ್ತಾರೆ?

ಕುರುಗೋಡಿಗೆ ಹೋದವರು ದೊಡ್ಡಬಸವೇಶ್ವರ ಗುಡಿಯಲ್ಲಿ ಇದನ್ನು ತಾವೇ ಪರೀಕ್ಷಿಸಬಹುದು. ಹೊರಗೆ ಬೆನ್ನು ಸುಡುವ ಬಿಸಿಲು, ಒಳಗೆ ಏಕಶಿಲೆಯ ದೊಡ್ಡ ಬಸವಣ್ಣ ಅರೆಗತ್ತಲಲ್ಲಿ. ನಮ್ಮ ಕಣ್ಣಿಗೆ ಹೊಕ್ಕ ಕೂಡಲೇ ಏನೂ ಕಾಣಲ್ಲ, ಆಮೇಲೆ ಒಂದೊಂದಾಗಿ ಮೂಡುತ್ತೆ. ಆ ತಡವೇ ಆ ಜಾಗದ ಅನುಭವ. ಒಳ್ಳೆಯ ದೊಡ್ಡ ಸೆನ್ಸರ್ 14 ಸ್ಟಾಪ್‌ವರೆಗೂ ಹಿಡಿಯುತ್ತೆ, ಅಂದರೆ 1ರಿಂದ 16,000ದವರೆಗಿನ ಬೆಳಕಿನ ಅಂತರ. ಫೋನಿಗೆ ಒಂದೇ ಏಟಿಗೆ ಅಷ್ಟು ಆಗಲ್ಲ, ಅದಕ್ಕೆ ಪಟಪಟ ಅಂತ ಹಲವು ಪಟ ತೆಗೆದು ಕೂಡಿಸುತ್ತೆ. ಈ ಕೂಡಿಸುವಿಕೆ ಜಾಣತನದ ಕೆಲಸವೇ, ಕತ್ತಲಲ್ಲಿ ಫೋನು ಈಗ ತೆಗೆಯುವ ಪಟ ಹತ್ತು ವರ್ಷದ ಹಿಂದೆ ಕನಸಲ್ಲೂ ಸಾಧ್ಯ ಇರಲಿಲ್ಲ. ಆದರೆ ಕೂಡಿಸಿದ ಮೇಲೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ಎಳೆದುಬಿಡುತ್ತೆ. ಗುಡಿಯೊಳಗೂ ಟ್ಯೂಬ್‌ಲೈಟು, ಹೊರಗೂ ಟ್ಯೂಬ್‌ಲೈಟು. ಬಳ್ಳಾರಿ ಕೋಟೆಗುಡ್ಡದ ಮಧ್ಯಾಹ್ನದ ಪಟ ನೋಡಿ, ಆಕಾಶ ಮಡಿಕೇರಿಯದು. ನಮ್ಮೂರ ಬಿಸಿಲೇ ಇಲ್ಲದ ನಮ್ಮೂರ ಪಟ.

ಬಳ್ಳಾರಿ ಹತ್ತಿರದ ಸಂಗನಕಲ್ಲು, ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದವರು ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಡುಬ್ಬದ ಎತ್ತುಗಳನ್ನು ಬಿಡಿಸಿದ್ದಾರೆ. 1892ರಲ್ಲೇ ಫಾಸೆಟ್ ಅನ್ನೋರು ಅದರ ಬಗ್ಗೆ ಬರೆದರು. 2004ರಲ್ಲಿ ನಿಕೋಲ್ ಬೊಯ್ವಿನ್ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಆ ಚಿತ್ರಗಳ ಬಗ್ಗೆಯೂ, ಅಲ್ಲಿ ಬಡಿದರೆ ನಾದ ಬರುವ ಕಲ್ಲುಗಳ ಬಗ್ಗೆಯೂ ಬರೆದಿದ್ದಾರೆ. ಕಪ್ಪಿನ ಮೇಲೆ ತುಸು ಕಡಿಮೆ ಕಪ್ಪು, ಇಷ್ಟೇ ಆ ಎತ್ತುಗಳ ಮತ್ತು ಬಂಡೆಯ ವ್ಯತ್ಯಾಸ. ಅಜ್ಜಿಯ ಹಚ್ಚೆಯಂಥದ್ದೇ ಪರಿಸ್ಥಿತಿ. ಮಟಮಟ ಮಧ್ಯಾಹ್ನ ಫೋನು ಹಿಡಿದು ತೆಗೆದರೆ ಬರೀ ಬಂಡೆ ಬರುತ್ತೆ. ಬೆಳಿಗ್ಗೆ ಅಥವಾ ಸಂಜೆ, ಬೆಳಕು ಓರೆಯಾಗಿ ಬೀಳುವಾಗ ಹೋಗಬೇಕು. ರಾ ಅಥವಾ ಡಿಎನ್‌ಜಿ ಅನ್ನೋ ಆಯ್ಕೆ ಫೋನಿನಲ್ಲಿದ್ದರೆ ಅದರಲ್ಲಿ ತೆಗೆಯಬೇಕು. ಅಷ್ಟು ಮಾಡಿದರೆ ಹಳೇ, ಎಂಟು ಮೆಗಾಪಿಕ್ಸೆಲ್ಲಿನ ಕ್ಯಾಮೆರಾದಲ್ಲೂ ಕೊಂಬು ಎಣಿಸಬಹುದು. ಸುತ್ತಮುತ್ತ ಕಲ್ಲು ಒಡೆಯುವ ಊರಿನಲ್ಲಿ ಇದು ಬರೀ ಹವ್ಯಾಸದ ಮಾತಲ್ಲ. ಬಂಡೆ ಹೋದ ಮೇಲೆ ಉಳಿಯೋದು ಪಟ, ಆ ಪಟದಲ್ಲಿ ಎತ್ತು ಇರಬೇಕು.

ಇನ್ನು ತಲೆಬರಹದ ಕೆಂಪು. ಸೆನ್ಸರಿನ ಪಿಕ್ಸೆಲ್ಲಿಗೆ ಹುಟ್ಟಾ ಬಣ್ಣ ಗೊತ್ತಿಲ್ಲ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಉಪಾಯ ಏನಂದರೆ, ಪ್ರತಿ ನಾಲ್ಕು ಪಿಕ್ಸೆಲ್ಲಿನಲ್ಲಿ ಎರಡಕ್ಕೆ ಹಸಿರು ಗಾಜು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ತೊಡಿಸೋದು. ಮನುಷ್ಯರ ಕಣ್ಣು ಹಸಿರಿನಲ್ಲೇ ಹೆಚ್ಚು ಸೂಕ್ಷ್ಮ ನೋಡುತ್ತೆ ಅನ್ನೋ ಕಾರಣಕ್ಕೆ ಹಸಿರಿಗೆ ಎರಡು. ಉಳಿದದ್ದು ಅಕ್ಕಪಕ್ಕದವರನ್ನು ಕೇಳಿ ತುಂಬಿಕೊಳ್ಳೋದು. ಹಾಗಾಗಿ ಕೆಂಪಿಗೆ ನಾಲ್ಕರಲ್ಲಿ ಒಂದೇ ಕಣ್ಣು. ಜೆಪೆಗ್ ಮಾಡುವಾಗ ಬಣ್ಣದ ವಿವರವನ್ನು ಸಾಮಾನ್ಯವಾಗಿ ಮತ್ತೆ ನಾಲ್ಕನೇ ಒಂದಕ್ಕೆ ಇಳಿಸುತ್ತಾರೆ. ಅದರ ಮೇಲೆ ಬಣ್ಣ ಗಾಢ ಕಾಣಲಿ ಅಂತ ಫೋನು ಒಂದು ಲೇಪ ಹಚ್ಚುತ್ತೆ. ಮಾಮೂಲಿ ಪರದೆಯ ಬಣ್ಣದ ಗಡಿಯೊಳಗೆ ಆ ಗಾಢ ಕೆಂಪು ಹಿಡಿಯುವುದೂ ಇಲ್ಲ. ಗಡಿ ಮುಟ್ಟಿದ್ದೆಲ್ಲ ಒಂದೇ ಕೆಂಪಾಗುತ್ತೆ.

ಸೂಪರ್‌ಮಾರ್ಕೆಟ್ಟಿನಲ್ಲಿ ಪಾಕೀಟು ಖಾರದಪುಡಿ ಕೊಳ್ಳುವವರಿಗೆ ಇದರಿಂದ ಏನಾಗಬೇಕು ಅಂತ ಅನಿಸಬಹುದು. ಕುರುಗೋಡು, ಸಿರುಗುಪ್ಪದ ಕಡೆ ಮೆಣಸಿನಕಾಯಿ ಬೆಳೆಯುವವರು ಬ್ಯಾಡಗಿ ಮಾರುಕಟ್ಟೆಗೆ ಒಯ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರೋದೇ ಬಣ್ಣಕ್ಕೆ, ಖಾರಕ್ಕಲ್ಲ. ಈಗ ಗಾಡಿ ಹತ್ತಿಸುವ ಮೊದಲೇ ವಾಟ್ಸಾಪಿನಲ್ಲಿ ಪಟ ಹೋಗುತ್ತೆ. ಕಣದಲ್ಲಿ ನೋಡಿದರೆ ಹೊಸ ಕಾಯಿಯ ಕೆಂಪು ಬೇರೆ, ಮಂಜಿಗೆ ಸಿಕ್ಕಿದ್ದು ಬೇರೆ, ಬಿಳಿಚಿದ್ದು ಬೇರೆ, ಸುಕ್ಕಿನ ಗೆರೆ ಬೇರೆ. ಪಟದಲ್ಲಿ ಎಲ್ಲ ಒಂದೇ ಕುಂಕುಮದ ರಾಶಿ. ನಮ್ಮ ಮಾಮನ ಒಳ್ಳೆ ಕಾಯಿಯ ಪಟ, ಪಕ್ಕದ ಹೊಲದವರ ಸಾಧಾರಣ ಕಾಯಿಯ ಪಟ ಎರಡೂ ನನಗೆ ಬಂದವು. ಯಾವುದು ಯಾರದು ಅಂತ ಹೇಳಲು ನನ್ನಿಂದ ಆಗಲಿಲ್ಲ, ದಲಾಲಿಯಿಂದಲೂ ಆಗಲಿಲ್ಲ. ಗುರುತು ಹಿಡಿಯಲಾಗದಾಗ ದಲಾಲಿ ಯಾವ ಬೆಲೆ ಹೇಳ್ತಾನೆ ಅಂತ ಬಿಡಿಸಿ ಹೇಳಬೇಕಿಲ್ಲ. ಮಾಮನ ಕೈಯಲ್ಲಿದ್ದದ್ದು 108ರ ಫೋನೇ. "ಇಷ್ಟು ದೊಡ್ಡ ಕ್ಯಾಮೆರಾ ಇದ್ದೂ ಇದಕ್ಕೆ ಕಾಯಿ ಕಾಣಂಗಿಲ್ಲೇನಲೇ" ಅಂತ ನನ್ನನ್ನೇ ಬೈದ, ನಾನೇ ಫೋನು ಮಾಡಿಟ್ಟವನ ಥರ.

ಯಾವ ರಿವ್ಯೂನಲ್ಲಾದರೂ ಫೋನು ಹಿಡಿದು ಮೆಣಸಿನಕಾಯಿ ರಾಶಿ ತೆಗೆದು ತೋರಿಸಿದ್ದನ್ನು ನಾನು ನೋಡಿಲ್ಲ. ಕಪ್ಪು ಎಮ್ಮೆಯ ಪಕ್ಕ ಬಿಳಿ ಪಂಚೆಯವನನ್ನು ನಿಲ್ಲಿಸಿ ತೆಗೆದದ್ದನ್ನೂ ನೋಡಿಲ್ಲ. ಅವರ ಪರೀಕ್ಷೆ ನಡೆಯೋದು ಇಂದಿರಾನಗರದ ಕೆಫೆಯ ಕಾಫಿ ಕಪ್ಪು, ಮೆಟ್ರೊ ಸೇತುವೆ, ಸಂಜೆಯ ಆಕಾಶದ ಮೇಲೆ. ಅಲ್ಲಿ ಎಲ್ಲ ಫೋನೂ ಪಾಸು. ಪರೀಕ್ಷೆ ಅಂದಮೇಲೆ ಫೇಲಾಗುವ ಜಾಗದಲ್ಲಿ ಮಾಡಬೇಕು. ನಮ್ಮ ಕೋಡಿಗೆ ನಾವು ಅದನ್ನೇ ಮಾಡ್ತೀವಲ್ಲ?

ಸಂಕ್ರಾಂತಿಗೆ ಊರಿಗೆ ಹೋದಾಗ ಮಾಮನ ಫೋನಿನಲ್ಲಿ ಬ್ಯೂಟಿ, ಎಐ ಅಂತ ಇದ್ದದ್ದನ್ನೆಲ್ಲ ಆಫ್ ಮಾಡಿ, ಬೆಳಕನ್ನು ಒಂದು ಸ್ಟಾಪ್ ಇಳಿಸಿ ತೆಗೆಯೋದನ್ನು ತೋರಿಸಿಕೊಟ್ಟೆ. ಬಿಸಿಲಲ್ಲಿ ಬೇಡ, ಗುಡಾರದ ನೆರಳಲ್ಲಿ ತೆಗಿ ಅಂದೆ. ರಾಶಿಯ ಪಕ್ಕ ಒಂದು ಬಿಳಿ ಹಾಳೆ ಇಡು, ಹಾಳೆ ಬೆಳ್ಳಗೆ ಕಂಡರೆ ನೋಡುವವರಿಗೆ ಕೆಂಪೂ ನಂಬಿಕೆ ಬರುತ್ತೆ ಅಂದೆ. ಹಾಳೆ ಗಾಳಿಗೆ ಹಾರುತ್ತೆ ಅಂತ ಅವನು ತನ್ನ ಬಿಳಿ ಟವೆಲ್ ಹಾಸಿದ. ಅದು ಅಷ್ಟೇನೂ ಬೆಳ್ಳಗಿರಲಿಲ್ಲ, ಆದರೂ ಆ ಪಟದಲ್ಲಿ ಬಿಳಿಚಿದ ಕಾಯಿ ಯಾವುದು, ಒಳ್ಳೇದು ಯಾವುದು ಅಂತ ಬೇರೆ ಮಾಡಿ ಹೇಳಬಹುದಾಗಿತ್ತು. ದಲಾಲಿ ಅದಕ್ಕೂ ಮುಂಚೆಯ ಬೆಲೆಯನ್ನೇ ಹೇಳಿದ. ಮಾಮ ಗಾಡಿ ಮಾಡಿಕೊಂಡು ಕಾಯಿ ಒಯ್ದು ಎದುರಿಗೇ ಸುರಿದ.